ಮಸಾಜ್ ಚೆಂಡು: ಗಂಟಿಗೆ ಸೈ, ನರಕ್ಕೆ ಬೇಡ

ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಕ್ರೇಟ್ ಎತ್ತಿ ಇಳಿಸುವವರಿಗೆ ಸಾಮಾನ್ಯವಾಗಿ ಹಿಡಿದುಕೊಳ್ಳುವುದು ಹೆಗಲ ಮೂಳೆಯ ಒಳಅಂಚು, ಇಲ್ಲವೇ ಪಿರ್ರೆಯ ಮೇಲ್ಭಾಗ. ಅಲ್ಲಿಗೆ ಸ್ವಂತ ಕೈಯ ಒತ್ತಡ ಸಾಲದು. ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುವ ಗಟ್ಟಿ ರಬ್ಬರ್ ಚೆಂಡು ಈ ಕೆಲಸಕ್ಕೆ ಸಾಕು, ಸಾವಿರಾರು ರೂಪಾಯಿಯ ಮಸಾಜ್ ಗನ್ ಬೇಕಿಲ್ಲ.

ವ್ಯಾಸ ಸುಮಾರು 6.3 ಸೆಂ.ಮೀ., ತೂಕ 140 ಗ್ರಾಂ ಆಸುಪಾಸು ಇರಲಿ. ಒಳಗೆ ಟೊಳ್ಳಿರಬಾರದು. ಟೆನಿಸ್ ಚೆಂಡು ಮೈಭಾರಕ್ಕೆ ಅಮುಕಿಕೊಳ್ಳುತ್ತದೆ, ಆದ್ದರಿಂದ ಮೊದಲ ವಾರಕ್ಕೆ ಅದೇ ಲೇಸು. ಕ್ರಿಕೆಟ್ ಚೆಂಡಿನ ಹೊಲಿಗೆ ಚರ್ಮಕ್ಕೆ ಒತ್ತುತ್ತದೆ, ಅದು ಬೇಡ.

ಚೆಂಡನ್ನು ಉದ್ದನೆಯ ಕಾಲುಚೀಲಕ್ಕೆ ಹಾಕಿ ಹೆಗಲ ಮೇಲಿಂದ ಹಿಂದಕ್ಕೆ ಇಳಿಬಿಡಿ. ಗೋಡೆಗೆ ಒರಗಿ, ಪಾದ ಒಂದಡಿ ಮುಂದಿರಲಿ. ಚೆಂಡು ಬೆನ್ನುಹುರಿಯ ಎಲುಬಿಗೂ ಹೆಗಲ ಮೂಳೆಗೂ ನಡುವಿನ ಮಾಂಸದ ಮೇಲೆ ಕೂರಬೇಕು, ಎಲುಬಿನ ಮೇಲಲ್ಲ. ಬಿಗಿದು ನೋಯುವ ಸ್ನಾಯುವಿನ ಗಂಟು ಸಿಕ್ಕಿತೇ? ನೋವು ಹತ್ತರಲ್ಲಿ ಐದರಷ್ಟಿರುವಂತೆ ಒತ್ತಿ 30 ಸೆಕೆಂಡ್ ನಿಲ್ಲಿ. ಆಮೇಲೆ ಮಂಡಿ ಬಗ್ಗಿಸಿ ಎರಡು-ಮೂರು ಸೆಂ.ಮೀ. ಅಂತರದಲ್ಲಿ ಎಂಟು-ಹತ್ತು ಸಲ ಉರುಳಿಸಿ. ಒಂದು ಜಾಗಕ್ಕೆ ಎರಡು ನಿಮಿಷ ಮೀರಬೇಡಿ. ಉಸಿರು ಬಿಗಿಹಿಡಿದು ಒತ್ತಿದರೆ ಸ್ನಾಯು ಸಡಿಲವಾಗುವ ಬದಲು ಸೆಟೆಯುತ್ತದೆ. ಜೋರು ಮಾಡಿದರೆ ಮರುದಿನ ಚರ್ಮ ಕಂದುಗಟ್ಟುತ್ತದೆ. ಹರಳೆಣ್ಣೆ ಹಚ್ಚಿಕೊಂಡು ಮಾಡಿದರೆ ಚೆಂಡು ಜಾರುತ್ತದೆ, ಎಣ್ಣೆ ಆಮೇಲೆ.

ನಮ್ಮ ಕಡೆ ಎಲ್ಲದಕ್ಕೂ ‘ನರ ಹಿಡಿದಿದೆ’ ಅನ್ನುವ ರೂಢಿ. ಹೆಗಲ ಮೂಳೆಯ ಹಿಂಬದಿಯ ಸ್ನಾಯುವಿನ ಗಂಟು ತೋಳಿನುದ್ದಕ್ಕೂ ನೋವು ಹರಿಸಬಲ್ಲದು. ಪಿರ್ರೆಯ ಒಳಸ್ನಾಯುವಿನ ಗಂಟು ಕಾಲಿನುದ್ದಕ್ಕೂ ಹರಿಸಿ ಸಯಾಟಿಕಾದಂತೆ (ಸೊಂಟದಿಂದ ಕಾಲಿಗಿಳಿಯುವ ನರದ ನೋವು) ಕಾಣುತ್ತದೆ. ಇವಕ್ಕೆ ಚೆಂಡು ಫಲ ಕೊಡುತ್ತದೆ. ಆದರೆ ಒತ್ತಿದಾಗ ಕಾಲಿನಲ್ಲಿ ಜುಮ್ಮೆನ್ನುವ ಮಿಂಚು ಇಳಿದರೆ ನೀವು ನರದ ಮೇಲಿದ್ದೀರಿ ಎಂದೇ ಅರ್ಥ: ಚೆಂಡನ್ನು ಎರಡು ಬೆರಳಷ್ಟು ಹೊರಕ್ಕೆ ಸರಿಸಿ. ನರ ಒತ್ತಡಕ್ಕೆ ಸಡಿಲಗೊಳ್ಳದು, ಕೆರಳುತ್ತದೆ. ಕೆಮ್ಮಿದಾಗ ಕಾಲಿಗೆ ನೋವು ಹೊಡೆದರೆ, ಪಾದ ಎತ್ತಲಾಗದಿದ್ದರೆ ವೈದ್ಯರನ್ನು ಕಾಣಿ. ತೊಡೆಸಂದಿಯ ಸುತ್ತ ಜೋಮು ಹಿಡಿದು ಮೂತ್ರ ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆ.

ಮಂಡಿಯ ಹಿಂದಿನ ಗುಳಿ, ಕತ್ತಿನ ಮುಂಭಾಗ, ಮೊಣಕೈಯ ಒಳಸಂದು ಇಲ್ಲೆಲ್ಲ ಒತ್ತಬಾರದು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಮುಟ್ಟಲೇಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಕೇಳಿಯೇ ಬಳಸಲಿ.

ಕುತ್ತಿಗೆಯ ಹಿಂಭಾಗದಲ್ಲಿ ಎಲುಬಿನ ಎರಡು ಪಕ್ಕಕ್ಕೆ ಈ ರಬ್ಬರ್ ಚೆಂಡು ತೀರಾ ಗಟ್ಟಿ. ಅಲ್ಲಿಗೆ ಎರಡು ಟೆನಿಸ್ ಚೆಂಡು ಒಂದೇ ಕಾಲುಚೀಲದಲ್ಲಿ ಕಟ್ಟಿಕೊಳ್ಳುವುದು ಮೇಲು. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಕೆಲಸದವರ ಮುಂಗೈಗೆ ಮಾತ್ರ ರಬ್ಬರ್ ಚೆಂಡಿಗಿಂತ ಸುಲಭದ್ದಿಲ್ಲ: ಮೇಜಿನ ಮೇಲಿಟ್ಟು ಮುಂಗೈ ಉರುಳಿಸಿದರಾಯಿತು. ಹೊಸದರ ರಬ್ಬರ್ ವಾಸನೆ ಕೆಲವು ದಿನ ಬಿಡದು, ಕಪ್ಪು ಚೆಂಡು ಸುಣ್ಣದ ಗೋಡೆಗೆ ಗೀರು ಬಿಡುತ್ತದೆ. ಬಾಡಿಗೆ ಮನೆಯವರು ಕಾಲುಚೀಲ ಮರೆಯಬೇಡಿ.