ಡಬ್ಬಿಗೆ ಬೆಲೆಯೋ, ಎಂಜಿನ್‌ಗೆ ಬೆಲೆಯೋ? ಸೆಕೆಂಡ್ ಹ್ಯಾಂಡ್ ಐರಿಷ್ ಮಾದರಿ ರೈಲುಗಳ ಸಹವಾಸ

ಐರಿಷ್ ಮಾದರಿ ರೈಲುಗಳ, ಅಂದರೆ ಐರ್ಲೆಂಡಿನ ರೈಲುಗಳ ಪುಟ್ಟ ಪ್ರತಿಕೃತಿಗಳ, ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಎಂಜಿನ್‌ಗಿಂತ ಅದು ಬಂದ ರಟ್ಟಿನ ಡಬ್ಬಿಗೆ ಮರ್ಯಾದೆ ಹೆಚ್ಚು. ಐರ್ಲೆಂಡಿನ ಡ್ರೊಹೆಡಾದಲ್ಲಿ ನೆಲೆಸಿದ ಮೇಲೆ ಹತ್ತಿಕೊಂಡ ಹುಚ್ಚು ಇದು. ಕೆಲವು ವರ್ಷಗಳಿಂದ ಅಂತರ್ಜಾಲದಲ್ಲಿ ಹುಡುಕಿ, ಚೌಕಾಸಿ ಮಾಡಿ ಕೊಳ್ಳುತ್ತಾ ಬಂದಿದ್ದೇನೆ. ಈ ಹವ್ಯಾಸಕ್ಕೆ ಕೈಹಾಕಲು ಹೊರಟ ಕನ್ನಡಿಗರು ಐರ್ಲೆಂಡಿನಲ್ಲಿ ಬೇರೆ ಯಾರಾದರೂ ಇದ್ದರೆ ಇದು ಅವರಿಗೆ.

ಹೊಸದನ್ನೇ ಕೊಳ್ಳಬಹುದಲ್ಲ ಎಂದರೆ, ಸಿಗಬೇಕಲ್ಲ. ಮರ್ಫಿ ಮಾಡೆಲ್ಸ್ ಆಗಲಿ, ಐರಿಷ್ ರೈಲ್ವೇ ಮಾಡೆಲ್ಸ್ ಆಗಲಿ ಸಣ್ಣ ದೇಶದ ಸಣ್ಣ ಪೇಟೆಗಾಗಿ ತಯಾರಿಸುವವರು. ಒಂದು ಸಲಕ್ಕೆ ಒಂದಷ್ಟು ಮಾಡುತ್ತಾರೆ, ಅವು ಮುಗಿಯುತ್ತವೆ, ಮುಂದಿನ ಕಂತು ಬರುವ ಹೊತ್ತಿಗೆ ಸಂಖ್ಯೆಯೂ ಬಣ್ಣವೂ ಬದಲಾಗಿರುತ್ತವೆ. ಹೀಗಾಗಿ ಯಾರದೋ ಅಟ್ಟದಿಂದ ಇಳಿದ ಎಂಜಿನ್ ಅಂದಿನ ಅಂಗಡಿ ಬೆಲೆಗಿಂತ ಹೆಚ್ಚಿಗೆ ಮಾರಾಟವಾದರೂ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನನ್ನ ಮಿತಿ ಒಂದು ಎಂಜಿನ್‌ಗೆ ನೂರೈವತ್ತು ಯೂರೋ. ಅದಕ್ಕೆ ಕಾರಣ ಜಿಪುಣತನ ಮಾತ್ರವಲ್ಲ. ಬ್ರಿಟನ್ನಿನಿಂದ ಬರುವ ಸರಕಿನ ಬೆಲೆ ಆ ಮಿತಿ ದಾಟಿತೆಂದರೆ 23 ಶೇಕಡಾ ವ್ಯಾಟ್ ಜೊತೆಗೆ ಸಾಗಣೆಯವರ ನಿರ್ವಹಣಾ ಶುಲ್ಕವೂ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಮಿತಿಯೊಳಗಿನ ಬೆಲೆಯ ಸರಕಿಗೂ ವ್ಯಾಟ್ ತಪ್ಪಿದ್ದಲ್ಲ, ಆದರೆ ದೊಡ್ಡ ಜಾಲತಾಣಗಳು ಅದನ್ನು ಕೊಳ್ಳುವಾಗಲೇ ಬಿಲ್ಲಿಗೆ ಸೇರಿಸಿಬಿಡುತ್ತವೆ. ಉತ್ತರ ಐರ್ಲೆಂಡಿನ ಮಾರಾಟಗಾರರಾದರೆ ಈ ಸುಂಕದ ಗೋಜು ಇಲ್ಲ. ಬೆಲ್‌ಫಾಸ್ಟ್ ಎಂದು ಕಂಡರೆ ನಾನು ಮೊದಲು ಅಲ್ಲೇ ಕಣ್ಣಿಡುತ್ತೇನೆ.

ಬೆಲೆಯ ಮಾತು ಹಾಗಿರಲಿ, ನಿಖರತೆಯ ಮಾತು ಇನ್ನೂ ತಮಾಷೆಯದು. ಐರಿಷ್ ರೈಲು ಪ್ರಿಯರು ‘ಬೇಬಿ ಜಿಎಂ’ ಎಂದು ಮುದ್ದಿನಿಂದ ಕರೆಯುವ 141 ವರ್ಗದ ಡೀಸೆಲ್ ಎಂಜಿನ್‌ಗಳನ್ನೇ ತೆಗೆದುಕೊಳ್ಳಿ. ಜನರಲ್ ಮೋಟಾರ್ಸ್ 1962ರಲ್ಲಿ ಕಟ್ಟಿದ್ದು 37. ನಾಲ್ಕು ವರ್ಷದ ಬಳಿಕ ಬಂದ 181 ವರ್ಗದವು 12. ನೋಡಲು ಎರಡೂ ಒಂದೇ ತಾಯಿಯ ಮಕ್ಕಳು, ಶಕ್ತಿ ಮಾತ್ರ ಬೇರೆ. ಸಂಖ್ಯೆಯೇ ಸುಳಿವು: 141ರಿಂದ 177ರ ತನಕ ಮೊದಲನೆಯವು, 181ರಿಂದ 192ರ ತನಕ ಎರಡನೆಯವು. ಇಷ್ಟು ಸರಳವಾದ ಲೆಕ್ಕ ಮಾರುವವರಿಗೆ ಏಕೆ ಹಿಡಿಸುವುದಿಲ್ಲವೋ ಕಾಣೆ. ಪಕ್ಕದಲ್ಲಿ 185 ಎಂದು ದಪ್ಪಗೆ ಬರೆದಿರುವ ಎಂಜಿನ್‌ಗೆ ‘1962ರ ಅಪರೂಪದ 141’ ಎಂಬ ತಲೆಬರಹ ಕೊಟ್ಟು ಇನ್ನೂರು ಯೂರೋ ಕೇಳಿದ ಮಹಾನುಭಾವರನ್ನು ಕಂಡಿದ್ದೇನೆ. ಬಿ ಅಕ್ಷರ ಹೊತ್ತ ಹಳೆಯ ಸಂಖ್ಯೆಯ ಎಂಜಿನ್‌ಗೆ 1987ರಲ್ಲಿ ಹುಟ್ಟಿದ ಐರಿಷ್ ರೈಲ್ ಸಂಸ್ಥೆಯ ಲಾಂಛನವಿರುವ ಬೋಗಿಗಳನ್ನು ಜೋಡಿಸಿ ‘ಪೂರ್ಣ ಸೆಟ್’ ಎಂದು ಮಾರುವುದೂ ಉಂಟು. ಆ ಅಕ್ಷರ ಎಪ್ಪತ್ತರ ದಶಕದ ಆರಂಭದಲ್ಲೇ ಬಿದ್ದುಹೋಗಿತ್ತು.

ಇನ್ನು ಹಳೆಯ ಬ್ರಿಟಿಷ್ ಮಾದರಿಗೆ ಕಿತ್ತಳೆ–ಕಪ್ಪು ಬಣ್ಣ ಬಳಿದು ಐರಿಷ್ ಮಾಡಿದ ಸರಕು. ಅದಕ್ಕೆ ನನ್ನ ಅಸ್ತ್ರ ಉಕ್ಕಿನ ಅಳತೆಪಟ್ಟಿ. ನಿಜವಾದ 141ರ ಉದ್ದ 13.42 ಮೀಟರ್. ಈ ಮಾದರಿಗಳು ನಿಜವಾದದ್ದರ 76.2ರಲ್ಲಿ ಒಂದು ಪಾಲು, ಹಾಗಾಗಿ 76.2ರಿಂದ ಭಾಗಿಸಿದರೆ 176 ಮಿಲಿಮೀಟರ್. ಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದು ಫೋಟೋ ಕಳಿಸಿ ಎಂದು ಕೇಳುತ್ತೇನೆ. ಪ್ರಾಮಾಣಿಕರು ಅದೇ ಸಂಜೆ ಕಳಿಸುತ್ತಾರೆ. ಉಳಿದವರು ಮೌನ ತಾಳುತ್ತಾರೆ, ಆ ಮೌನದಿಂದಲೂ ನನಗೆ ದುಡ್ಡು ಉಳಿದಿದೆ.

ಒಂದು ವ್ಯವಹಾರದಲ್ಲಂತೂ ನನ್ನ ರಕ್ತ ಕುದಿಯಿತು. ‘ಹೊಸದರಂತಿದೆ, ಡಬ್ಬಿ ಸಮೇತ’ ಎಂಬ ಎಂಜಿನ್ ಬಂತು. ಡಬ್ಬಿ ನಿಜಕ್ಕೂ ಹೊಸದರಂತೆಯೇ ಇತ್ತು, ಮೂಲೆ ಕೂಡ ಮಡಚಿರಲಿಲ್ಲ. ಒಳಗಿನ ಸಣ್ಣ ಪ್ಲಾಸ್ಟಿಕ್ ಚೀಲ ಮಾತ್ರ ಖಾಲಿ. ಬ್ರೇಕ್ ಕೊಳವೆಗಳು, ಕೊಂಡಿಗಳು, ಕೈಯಿಂದ ಅಂಟಿಸಬೇಕಾದ ಚಿಕ್ಕಪುಟ್ಟ ಭಾಗಗಳು ಯಾವುವೂ ಇಲ್ಲ. ಕೇಳಿದರೆ ಮಾರಾಟಗಾರರ ಉತ್ತರ: ಡಬ್ಬಿ ಚೆನ್ನಾಗಿದೆಯಲ್ಲ! ಹಣ ವಾಪಸ್ ಬರುವ ತನಕ ನಡೆದ ಪತ್ರವ್ಯವಹಾರ ನೆನೆದರೆ ಈಗಲೂ ಬೇಸರವಾಗುತ್ತದೆ. ಆ ಚೀಲ ಬೇರೆ ಎಲ್ಲೋ ಬೇರೆಯಾಗಿ ಮಾರಾಟವಾಗಿರುತ್ತದೆ ಎಂದು ನನ್ನ ಗುಮಾನಿ.

ಅದಾದ ಮೇಲೆ ಹಟಕ್ಕೆ ಬಿದ್ದು ಡಬ್ಬಿಯೇ ಇಲ್ಲದ ಸರಕುಗಳನ್ನು ನೋಡತೊಡಗಿದೆ. ಬೆಲ್‌ಫಾಸ್ಟಿನ ಕಡೆಯಿಂದ ತೊಂಬತ್ತು ಯೂರೋಗೆ ಒಂದು 141 ಸಿಕ್ಕಿತು. ಡಬ್ಬಿಯಿಲ್ಲ, ಮೇಲಾಗಿ ಹಿಂದಿನ ಒಡೆಯರು ಅದು ನಿಜವಾದ ಎಂಜಿನ್ನಿನಂತೆ ಕಾಣಲೆಂದು ಕೈಯಾರೆ ಕೊಳೆಯ ಬಣ್ಣ ಬಳಿದಿದ್ದರು. ಸಂಗ್ರಾಹಕರಿಗೆ ಇದು ಕಳಂಕ, ಅದಕ್ಕೇ ಅರ್ಧ ಬೆಲೆ. ಬಿಚ್ಚಿ ನೋಡಿದರೆ ಎಂಥ ಕೊಳೆ! ಚಾವಣಿಯ ಮೇಲೆ ಹೊಗೆ ಬರುವ ಜಾಗದ ಸುತ್ತ ಮಾತ್ರ ಮಸಿ, ಉಳಿದೆಡೆ ಮಳೆಗೆ ತೊಳೆದು ಮಾಸಿದ ಕಪ್ಪು. ಬ್ರೇಕಿನ ಧೂಳು ಗಾಲಿಗಳ ಆಸುಪಾಸು ಕಂದು ಬಣ್ಣಕ್ಕೆ ಕೂತಿದೆ. ಇಂಧನ ತುಂಬುವ ಬಾಯಿಯ ಕೆಳಗೆ ಎಣ್ಣೆ ಜಾರಿದ ಒಂದೇ ಒಂದು ಗುರುತು, ಅದೂ ಒಂದು ಬದಿಗೆ ಮಾತ್ರ. ಎರಡು ಬದಿಗೂ ಸಮನಾಗಿ ಬಳಿಯುವ ಆಸೆಯನ್ನು ತಡೆದುಕೊಂಡವರು ನಿಜವಾದ ಎಂಜಿನ್ನನ್ನು ಹತ್ತಿರದಿಂದ ನೋಡಿದವರೇ. ಕುತೂಹಲಕ್ಕೆ ಸಂದೇಶ ಕಳಿಸಿದೆ. ಎಂಬತ್ತರ ದಶಕದಲ್ಲಿ ಲಿಮರಿಕ್ ಜಂಕ್ಷನ್ನಿನಲ್ಲಿ ತಾವೇ ತೆಗೆದ ಒಂದು ಫೋಟೋ ಮುಂದಿಟ್ಟುಕೊಂಡು ಬಳಿದದ್ದಂತೆ. ಕಾರ್ಖಾನೆಯಿಂದ ಮಿರಮಿರ ಮಿಂಚುತ್ತಾ ಬಂದದ್ದಕ್ಕಿಂತ ಇದು ಹೆಚ್ಚು ನಿಖರ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಪೇಟೆ ಮಾತ್ರ ನಿಖರತೆಗೆ ರಿಯಾಯಿತಿ ಕೊಡುತ್ತಿದೆ, ಕೊಡಲಿ ಬಿಡಿ.

ರಾತ್ರಿ ಊಟವಾದ ಮೇಲೆ ನನ್ನ ಪೂಜೆ ಶುರು. ಒಂದು ತುಂಡು ಟಿಶ್ಯೂ ಕಾಗದವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಹಳಿಯ ಮೇಲೆ ಹಾಸುತ್ತೇನೆ. ಮುಂದಿನ ಗಾಲಿಗಳು ಕಾಗದದ ಮೇಲೆ, ಹಿಂದಿನವು ಬರಿಯ ಹಳಿಯ ಮೇಲೆ. ಎಂಜಿನ್ನನ್ನು ಬೆರಳಿನಿಂದ ಹಿಡಿದು ಹಳಿಗೆ ಮೆಲ್ಲನೆ ವಿದ್ಯುತ್ ಕೊಟ್ಟರೆ ಗಾಲಿಗಳು ನಿಂತಲ್ಲೇ ತಿರುಗಿ ಕಾಗದದ ಮೇಲೆ ಎರಡು ಕರಿ ಗೆರೆ ಎಳೆಯುತ್ತವೆ. ಮತ್ತೆ ತಿರುಗಿಸಿ ಹಿಂದಿನವು. ಗೆರೆ ತಿಳಿಯಾಗುವ ತನಕ ಕಾಗದ ಬದಲಿಸುವುದು, ಆಮೇಲೆ ಸೂಜಿಮೊನೆಯಷ್ಟು ಎಣ್ಣೆ. ಸೆಕೆಂಡ್ ಹ್ಯಾಂಡ್ ಎಂಜಿನ್ ತಡವರಿಸಿ ಓಡಿದರೆ ಬಹುಪಾಲು ಕಾರಣ ಈ ಕೊಳೆಯೇ ಹೊರತು ಮೋಟಾರ್ ಅಲ್ಲ. ‘ಸರಿಯಾಗಿ ಓಡುವುದಿಲ್ಲ’ ಎಂದು ಅಗ್ಗಕ್ಕೆ ಬಿಟ್ಟವನ್ನು ನಾನು ಧೈರ್ಯವಾಗಿ ಕೊಳ್ಳುವುದು ಇದರಿಂದಲೇ.

ಒಂದು ಕೊರತೆ ಮಾತ್ರ ದುಡ್ಡು ಸುರಿದರೂ ಸುಲಭಕ್ಕೆ ಹೋಗುವಂಥದ್ದಲ್ಲ. ಐರಿಷ್ ಹಳಿಯ ಅಗಲ 1600 ಮಿಲಿಮೀಟರ್. ಈ ಅಳತೆಯಲ್ಲಿ ಅದು 21 ಮಿಲಿಮೀಟರ್ ಆಗಬೇಕು. ಆದರೆ ಈ ಅಳತೆಯ ಮಾದರಿಗೆ ಪೇಟೆಯಲ್ಲಿ ಸಿಗುವ, ಓಓ ಎಂದು ಕರೆಯುವ ಹಳಿ 16.5. ಬ್ರಿಟಿಷ್ ಮಾದರಿಗೇ ಅದು ಕಿರಿದು, ಐರಿಷ್‌ಗಂತೂ ಕೇಳುವುದೇ ಬೇಡ. 1676 ಮಿಲಿಮೀಟರಿನ ನಮ್ಮ ಬ್ರಾಡ್ ಗೇಜ್ ನೋಡಿ ಬೆಳೆದ ಕಣ್ಣಿಗೆ ಎದುರಿನಿಂದ ನೋಡಿದಾಗ, ಗಟ್ಟಿಮುಟ್ಟಾದ ಆಳೊಬ್ಬರು ಮಗುವಿನ ಚಪ್ಪಲಿ ಮೆಟ್ಟಿ ನಿಂತಂತೆ ಕಾಣುತ್ತದೆ. ನಿಷ್ಠಾವಂತರು ಗಾಲಿ ಬದಲಿಸಿ 21 ಮಿಲಿಮೀಟರ್ ಹಳಿಯನ್ನು ಕೈಯಿಂದಲೇ ಹಾಸಿಕೊಳ್ಳುತ್ತಾರೆ. ನನಗೆ ಅಷ್ಟು ತಾಳ್ಮೆಯಿಲ್ಲ, ಪಕ್ಕದಿಂದ ನೋಡಿ ಸಮಾಧಾನಪಡುತ್ತೇನೆ. ಹಾಗೆ ಬದಲಿಸಿದ ಎಂಜಿನ್‌ಗಳೂ ಒಮ್ಮೊಮ್ಮೆ ಮಾರಾಟಕ್ಕೆ ಬರುತ್ತವೆ. ವಿವರ ಓದದೆ ಕೊಂಡರೆ ಅವು ನಿಮ್ಮ ಹಳಿಯ ಮೇಲೆ ನಿಲ್ಲುವುದೂ ಇಲ್ಲ.

ಮನೆಯಲ್ಲಿಟ್ಟು ಕಪಾಟಿನಲ್ಲಿ ಜೋಡಿಸುವವರಾದರೆ, ಮುಂದೆ ಮಾರುವ ಯೋಚನೆಯಿದ್ದರೆ, ಡಬ್ಬಿಗೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಓಡಿಸುವವರಾದರೆ ಬೇಡ. ನನಗೀಗ ಬೇಕಾಗಿರುವುದು 1961ರ 121 ವರ್ಗದ ಒಂದು ಎಂಜಿನ್. ಒಂದೇ ತುದಿಯಲ್ಲಿ ಚಾಲಕರ ಕೋಣೆ ಇರುವುದರಿಂದ ತಿರುಗಿಸಲು ತಿರುಗುವೇದಿಕೆ ಬೇಕಾಗುತ್ತಿತ್ತು. ಮುಂದಿನ ವರ್ಷ ಬಂದ 141ಕ್ಕೆ ಎರಡೂ ತುದಿಯಲ್ಲಿ ಕೋಣೆ ಇಟ್ಟದ್ದು ಸುಮ್ಮನೆ ಅಲ್ಲ. ಬಣ್ಣ ಮಾಸಿರಲಿ, ಡಬ್ಬಿ ಹರಿದಿರಲಿ, ನೂರೈವತ್ತರ ಒಳಗಿರಲಿ. ಅಳತೆಪಟ್ಟಿಯ ಫೋಟೋ ಮಾತ್ರ ಕಡ್ಡಾಯ.