ನೀರಿನ ಮೇಲೆ ಡ್ರೋನ್: ನಾನೇ ಮಾಡಿಕೊಂಡ ಫ್ಲೋಟ್, ಬಹಳ ಕಾಲ ಬಳಸಿದ ಮೇಲೆ

ಫ್ಲೋಟ್, ಅಂದರೆ ನೀರಿನ ಮೇಲೆ ತೇಲಿಸುವ ಫೋಮ್ ತುಂಡು, ಕಟ್ಟಿದ ಡ್ರೋನ್ ನೋಡಿದವರೆಲ್ಲ ಕೇಳುವುದು ಒಂದೇ: ನೀರಿಗೆ ಬಿದ್ದರೆ ತೇಲುತ್ತದಾ? ತೇಲುತ್ತದೆ, ಅದೇನು ದೊಡ್ಡ ಕೆಲಸವಲ್ಲ. ಮಗುಚದ ಹಾಗೆ ತೇಲಿಸುವುದೇ ಕಷ್ಟ. ಮಗುಚಿತು ಅಂದರೆ ಆಂಟೆನಾ ನೀರೊಳಗೆ ಹೋಗುತ್ತದೆ, ಸಿಗ್ನಲ್ ಸಿಗುವುದಿಲ್ಲ, ಬ್ಯಾಟರಿಯ ಸಂದಿಗೆ ನೀರು ನುಗ್ಗುತ್ತದೆ. ಆಮೇಲೆ ಕೈಗೆ ಸಿಗುವುದು ಡ್ರೋನ್‌ನ ದೇಹ ಮಾತ್ರ.

ನನ್ನದು ಡಿಜೆಐ ಮ್ಯಾವಿಕ್ ಏರ್ 2, ತೂಕ 570 ಗ್ರಾಂ. ಫ್ಲೋಟ್‌ಗೆ ಬಳಸಿದ್ದು ಈಜು ಕಲಿಯುವವರು ಹಿಡಿದುಕೊಳ್ಳುವ ಪೂಲ್ ನೂಡಲ್. ಅದು ಪಾಲಿಥೀನ್ ಫೋಮ್. ಒಳಗಿನ ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡಿರುವುದಿಲ್ಲ, ಹಾಗಾಗಿ ನೀರು ಕುಡಿಯುವುದಿಲ್ಲ. ಸೋಫಾದ ಸ್ಪಂಜು ಸುತರಾಂ ಬೇಡ, ಅದು ನೀರು ಹೀರಿ ಭಾರವಾಗುತ್ತದೆ. ಥರ್ಮಾಕೋಲ್ ಹಗುರವೇನೋ ಹೌದು, ಆದರೆ ಅಂಚು ಪುಡಿಪುಡಿಯಾಗಿ ಉದುರುತ್ತದೆ. ಸೂಪರ್ ಗ್ಲೂ ಹಾಕಿದರೆ ಕರಗಿಯೇ ಹೋಗುತ್ತದೆ.

ಲೆಕ್ಕ ಸುಲಭ. ನೀರನ್ನು ಎಷ್ಟು ಘನ ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತೀರೋ ಅಷ್ಟು ಗ್ರಾಂ ಎತ್ತುವ ಶಕ್ತಿ. 6 ಸೆಂ.ಮೀ. ದಪ್ಪ, ನಡುವೆ 2 ಸೆಂ.ಮೀ. ತೂತು ಇರುವ ನೂಡಲ್‌ನ ಪ್ರತಿ ಸೆಂಟಿಮೀಟರ್ ಉದ್ದಕ್ಕೂ ಸುಮಾರು 25 ಗ್ರಾಂ. ತೂತಿಗೆ ನೀರು ತುಂಬುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾನು 25 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿದೆ. ಅಂದರೆ 1250 ಗ್ರಾಂ ಹೊರುವ ಶಕ್ತಿ. ಫೋಮ್, ಕಡ್ಡಿ, ಪಟ್ಟಿ ಎಲ್ಲ ಸೇರಿ 70 ಗ್ರಾಂ, ಡ್ರೋನ್ ಸೇರಿಸಿದರೆ 640. ಹೀಗೆ ಫೋಮ್ ಹೆಚ್ಚುಕಮ್ಮಿ ಅರ್ಧ ಮುಳುಗಿ ಅರ್ಧ ಮೇಲಿರುತ್ತದೆ. ಒಟ್ಟು ತೂಕದ ಎರಡರಷ್ಟು ಹೊರುವ ಶಕ್ತಿ ಇರಲಿ, ಅದಕ್ಕಿಂತ ಕಡಿಮೆ ಮಾಡಿದರೆ ಗಿಂಬಲ್, ಅಂದರೆ ಕ್ಯಾಮೆರಾ ಅಲುಗದಂತೆ ಹಿಡಿದಿಡುವ ಭಾಗ, ಒದ್ದೆಯಾಗುತ್ತದೆ.

ಎಲ್ಲಿ ಕಟ್ಟುತ್ತೀರಿ ಅನ್ನುವುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ. ಫೋಮನ್ನು ಹೊಟ್ಟೆಯ ಕೆಳಗೇ ಅಂಟಿಸಿದರೆ ನೋಡಲು ಚೆನ್ನ, ಆದರೆ ಸಣ್ಣ ಅಲೆಗೂ ಪಕ್ಕಕ್ಕೆ ಉರುಳುತ್ತದೆ. ಎರಡು ತುಂಡನ್ನೂ ಆದಷ್ಟು ದೂರ ದೂರ, ಜೋಡಿ ದೋಣಿಯ ಹಾಗೆ ಇಡಬೇಕು. ಹಾಗಂತ ಪೂರ್ತಿ ರೆಕ್ಕೆಗಳ ಕೆಳಗೆ ಹೋದರೆ ಗಾಳಿ ಫೋಮ್‌ಗೆ ಬಡಿದು ಎತ್ತುವ ಬಲ ಕುಗ್ಗುತ್ತದೆ. ನಾನು ಎರಡು ಫೈಬರ್‌ಗ್ಲಾಸ್ ಕಡ್ಡಿಗಳನ್ನು ಅಡ್ಡಲಾಗಿ ಡ್ರೋನ್‌ನ ತೋಳುಗಳಿಗೆ ಕಟ್ಟಿ, ಅವುಗಳಿಗೆ ಫೋಮ್ ಸಿಕ್ಕಿಸಿದ್ದೇನೆ. ಕಬ್ಬಿಣದ ತಂತಿ ಬೇಡ, ಕಂಪಾಸ್‌ಗೆ ತೊಂದರೆ. ಕಾರ್ಬನ್ ಕಡ್ಡಿಯೂ ಆಂಟೆನಾ ಹತ್ತಿರ ಬೇಡ, ಅದು ರೇಡಿಯೊ ಸಿಗ್ನಲ್‌ಗೆ ಅಡ್ಡ ಬರುತ್ತದೆ. ಕಟ್ಟಿದ ಮೇಲೆ ಬ್ಯಾಟರಿ ಹಾಕಿ, ಎರಡು ಬೆರಳಿನ ಮೇಲೆ ಎತ್ತಿ ನೋಡಿ. ಮುಂದಕ್ಕೋ ಹಿಂದಕ್ಕೋ ವಾಲಿದರೆ ಫೋಮನ್ನು ಸ್ವಲ್ಪ ಸರಿಸಿ. ನೀರಿನ ಪರೀಕ್ಷೆಯನ್ನು ಡ್ರೋನ್ ಇಟ್ಟು ಮಾಡಬೇಡಿ. ಅಷ್ಟೇ ತೂಕದ ಬೇರೆ ಏನಾದರೂ ಮೇಲೆ ಕಟ್ಟಿ ಟಬ್‌ನಲ್ಲಿ ಬಿಟ್ಟು, ಕೈಯಿಂದ ಅಲೆ ಎಬ್ಬಿಸಿ ನೋಡಿ.

ಕೆಳಗಿನ ಸೆನ್ಸರ್‌ಗಳಿಗೆ ಮತ್ತು ಬಿಸಿ ಗಾಳಿ ಹೋಗುವ ಕಿಂಡಿಗಳಿಗೆ ಏನೂ ಅಡ್ಡ ಬರಬಾರದು. ಫೋಮ್ ಸೆನ್ಸರ್‌ಗಳ ಕಣ್ಣಿಗೆ ಬಿದ್ದರೆ ಡ್ರೋನ್ ನೆಲ ಹತ್ತಿರ ಬಂತು ಅಂದುಕೊಳ್ಳುತ್ತದೆ. ನೀರಿನ ಮೇಲೆ ಈ ಸೆನ್ಸರ್‌ಗಳನ್ನು ಹೇಗೂ ಪೂರ್ತಿ ನಂಬುವ ಹಾಗಿಲ್ಲ. ಕನ್ನಡಿಯಂಥ ನೀರಲ್ಲಿ ಕ್ಯಾಮೆರಾಗೆ ಹಿಡಿದುಕೊಳ್ಳಲು ಗುರುತೇ ಇರುವುದಿಲ್ಲ. ಅಲೆ ಇದ್ದರೆ ಅಲೆಯ ಚಲನೆಯನ್ನೇ ತನ್ನ ಚಲನೆ ಅಂದುಕೊಂಡು ಡ್ರೋನ್ ಗಾಳಿಯಲ್ಲೇ ಸರಿದುಕೊಂಡು ಹೋಗುತ್ತದೆ. ಸುಮ್ನೆ ರಿಮೋಟ್‌ನ ಸ್ಟಿಕ್ ಬಿಟ್ಟು ಕೂರುವ ಜಾಗವಲ್ಲ ಅದು.

ನೀರಿನ ಮೇಲೆ ಇಳಿಸುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಳಗೆ ಬರುತ್ತಿದ್ದ ಹಾಗೆ ಡ್ರೋನ್ ನೀರಿಗಿಂತ ಸ್ವಲ್ಪ ಮೇಲೆ ನಿಂತುಬಿಡುತ್ತದೆ, ಇದು ಇಳಿಯುವ ಜಾಗವಲ್ಲ ಅನ್ನುತ್ತದೆ. ರೆಕ್ಕೆಯ ಗಾಳಿಗೆ ನೀರು ದುಂಡಗೆ ತಗ್ಗಾಗಿ, ಸುತ್ತ ಸಣ್ಣ ತುಂತುರು ಏಳುತ್ತದೆ. ಅಲ್ಲಿ ತಡ ಮಾಡಬಾರದು, ಸ್ಟಿಕ್ ಕೆಳಗೆ ಒತ್ತಿ ಹಿಡಿಯಬೇಕು. ಫೋಮ್ ನೀರಿಗೆ ತಾಗಿದ ಮೇಲೂ ಮೋಟಾರ್ ಕೆಲವು ಸಲ ನಿಲ್ಲುವುದಿಲ್ಲ, ಯಾಕಂದರೆ ಓಲಾಡುತ್ತಿರುವ ಡ್ರೋನ್‌ಗೆ ತಾನು ಇಳಿದಾಗಿದೆ ಅನ್ನುವುದು ಖಚಿತವಾಗಿರುವುದಿಲ್ಲ. ಬೆರಳು ತೆಗೆಯದೆ ಒತ್ತಿಯೇ ಇರಿ. ಏಳುವಾಗ ಉಲ್ಟಾ: ಒಂದೇ ಏಟಿಗೆ ಮೇಲಕ್ಕೆ ಎತ್ತಿ, ಫೋಮ್‌ಗೆ ಅಂಟಿದ ನೀರಿನ ಭಾರ ಸ್ವಲ್ಪ ಗೊತ್ತಾಗುತ್ತದೆ.

ಬಾಳಿಕೆ ಹೇಗೆ? ಫೋಮ್‌ಗೆ ನೀರು ಏನೂ ಮಾಡಲಿಲ್ಲ, ಬಿಸಿಲು ಮಾಡಿತು. ಮೇಲ್ಪದರ ಮಾಸಿ, ಒರಟಾಗಿ, ಉಗುರಿನಲ್ಲಿ ಕೆರೆದರೆ ಪುಡಿ ಬರಲು ಶುರುವಾಯಿತು. ಅದಕ್ಕಿಂತ ಜಾಸ್ತಿ ಕಾಟ ಕೊಟ್ಟಿದ್ದು ಫೋಮ್ ಬಿಗಿಯಲು ಮೊದಲು ಹಾಕಿದ್ದ ಜಿಪ್ ಟೈ, ಅಂದರೆ ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ. ಬಿಗಿದ ಜಾಗದಲ್ಲಿ ಫೋಮ್ ನಿಧಾನಕ್ಕೆ ಅಮುಕಿಕೊಂಡು ಹಳ್ಳ ಬೀಳುತ್ತದೆ, ಟೈ ಸಡಿಲವಾಗುತ್ತದೆ. ಸಡಿಲವಾದ ಫೋಮ್ ಹಾರುವಾಗ ನಡುಗುತ್ತದೆ, ವಿಡಿಯೊದಲ್ಲಿ ಆ ನಡುಕ ಜೆಲ್ಲಿಯಂತೆ ಕಾಣುತ್ತದೆ. ಬಿಸಿಲಿಗೆ ನೈಲಾನ್ ಟೈ ಗಡುಸಾಗಿ ಪಟ್ ಅಂತ ಮುರಿಯಲೂಬಹುದು. ಈಗ ಅಗಲವಾದ ವೆಲ್ಕ್ರೋ ಪಟ್ಟಿ ಹಾಕಿದ್ದೇನೆ, ಪ್ರತಿ ಹಾರಾಟಕ್ಕೂ ಮುಂಚೆ ಎಳೆದು ಬಿಗಿ ಮಾಡುತ್ತೇನೆ. ಈ ಒಂದು ಬದಲಾವಣೆಯಿಂದ ನನ್ನ ಅರ್ಧ ಚಿಂತೆ ಹೋಯಿತು.

ಇದಕ್ಕೆ ತೆರುವ ಬೆಲೆ ಹಾರಾಟದ ಸಮಯ. 70 ಗ್ರಾಂ ಅಂದರೆ ತೂಕ ಶೇ 12ರಷ್ಟು ಹೆಚ್ಚಿದಂತೆ. ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ಅದಕ್ಕಿಂತ ವೇಗವಾಗಿ ಏರುತ್ತದೆ, ಸುಮಾರು ಶೇ 19ರಷ್ಟು. ಫೋಮ್ ಗಾಳಿಗೆ ಒಡ್ಡಿಕೊಳ್ಳುವುದರಿಂದ ಇನ್ನೂ ಒಂದಿಷ್ಟು ಖರ್ಚು. ಗಾಳಿ ಜೋರಿದ್ದ ದಿನ ನಾನು ಫ್ಲೋಟ್ ಹಾಕಿ ಹಾರಿಸುವುದೇ ಇಲ್ಲ. 249 ಗ್ರಾಂನ ಪುಟ್ಟ ಡ್ರೋನ್ ಇರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು: ಹಲವು ದೇಶಗಳಲ್ಲಿ 250 ಗ್ರಾಂ ದಾಟಿದರೆ ನಿಯಮ ಬದಲಾಗುತ್ತದೆ, ಫ್ಲೋಟ್ ಕಟ್ಟಿದ ತಕ್ಷಣ ನೀವು ದಾಟಿದಂತೆಯೇ.

ಒಂದು ಮಾತು ನೆನಪಿರಲಿ, ಫ್ಲೋಟ್ ಇದ್ದ ಮಾತ್ರಕ್ಕೆ ಡ್ರೋನ್ ವಾಟರ್‌ಪ್ರೂಫ್ ಆಗುವುದಿಲ್ಲ. ಉಪ್ಪು ನೀರು ಚಿಮ್ಮಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೋಟಾರ್‌ಗಳನ್ನು ಕೈಯಲ್ಲಿ ತಿರುಗಿಸಿ ನೋಡಿ. ಮುಳುಗಿ ಎದ್ದ ಬ್ಯಾಟರಿಯನ್ನು ಮತ್ತೆ ಚಾರ್ಜ್‌ಗೆ ಹಾಕಲೇಬೇಡಿ. ಅಲೆ ಬಡಿಯುವ ಸಮುದ್ರದ ದಡಕ್ಕೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ, ಅಲ್ಲಿ ಎಷ್ಟು ಅಗಲ ಕಟ್ಟಿದರೂ ಮಗುಚುತ್ತದೆ. ನಿಂತ ನೀರು, ತಗ್ಗಿನ ಹಾರಾಟ, ದೋಣಿಯಿಂದ ಚಿತ್ರೀಕರಣ ಇಂಥ ಕೆಲಸಕ್ಕೆ ಕಣ್ಣು ಮುಚ್ಚಿಕೊಂಡು ಮಾಡಿಕೊಳ್ಳಿ. ಫೋಮ್ ಮಾತ್ರ ಕಿತ್ತಳೆ ಇಲ್ಲವೇ ಹಳದಿ ಬಣ್ಣದ್ದೇ ಆರಿಸಿ, ನೀಲಿ ಫೋಮ್ ನೀರಿನಲ್ಲಿ ದೂರದಿಂದ ಕಾಣುವುದೇ ಇಲ್ಲ.