ಚೀನಾದಲ್ಲಿ ಇಂಗ್ಲಿಷ್ ಪಾಠ: ಸ್ವಯಂಸೇವೆಯೋ, ಸಂಬಳದ ಕೆಲಸವೋ?

ಮೊದಲು ಪಾಸ್‌ಪೋರ್ಟ್ ನೋಡಿಕೊಳ್ಳಿ. ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಚೀನಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾದಂಥ ದೇಶದವರನ್ನೇ ಕೇಳುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ದಾರಿ ಕಷ್ಟ, ಆ ದೇಶಗಳಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಸುಲಭ. ಸಂಬಳ ತಗೊಳ್ಳಲ್ವಲ್ಲ ಅಂತ ಟೂರಿಸ್ಟ್ ವೀಸಾದಲ್ಲಿ ಹೋಗಿ ಪಾಠ ಮಾಡೋದು ಬೇಡವೇ ಬೇಡ.

ಸ್ವಯಂಸೇವೆಗೆ ಒಳ್ಳೆಯ ಮಾದರಿ ಅಂದರೆ ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್. 1993ರಿಂದ 2020ರವರೆಗೆ ಅವರ ಸ್ವಯಂಸೇವಕರು ಸಿಚುವಾನ್, ಚೋಂಗ್‌ಚಿಂಗ್, ಗುಯಿಝೌ, ಗಾನ್ಸು ಕಡೆಯ ಕಾಲೇಜುಗಳಲ್ಲಿ ಎರಡೆರಡು ವರ್ಷ ಪಾಠ ಮಾಡಿದರು. ದುಡ್ಡು ಖರ್ಚಿಗಾಗುವಷ್ಟೇ. ಆದರೆ ಪಾಠಕ್ಕೆ ನಿಲ್ಲಿಸುವ ಮೊದಲು ಚೀನೀ ಭಾಷೆ ಕಲಿಸುತ್ತಿದ್ದರು, ಅದೇ ದೊಡ್ಡ ಲಾಭ. ಈಗ ಚೀನಾದಲ್ಲಿ ಅದು ಇಲ್ಲ, ಹಾಗಾಗಿ ಬೇರೆ ಯಾವ ಸಂಸ್ಥೆಯ ಮೂಲಕ ಹೋಗುವುದಾದರೂ ತರಬೇತಿ ಕೊಡುತ್ತಾರಾ ಅಂತ ಮೊದಲೇ ಕೇಳಿ.

ಸಂಬಳದ ಕೆಲಸದಲ್ಲಿ ಸಾಮಾನ್ಯವಾಗಿ ಕ್ಯಾಂಪಸ್‌ನಲ್ಲೇ ಮನೆ ಸಿಗುತ್ತದೆ, ಉಳಿತಾಯವೂ ಆಗುತ್ತದೆ. ಅದಕ್ಕೆ ಡಿಗ್ರಿ ಬೇಕು, ಜೊತೆಗೆ ಎರಡು ವರ್ಷದ ಅನುಭವ ಇಲ್ಲವೇ ಟೆಫಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ತರಬೇತಿ) ಸರ್ಟಿಫಿಕೇಟ್.

ತರಗತಿ ಮಾತ್ರ ಎರಡರಲ್ಲೂ ಒಂದೇ. ಕಾಲೇಜ್ ಇಂಗ್ಲಿಷ್ ಟೆಸ್ಟ್‌ಗೆ ಓದಿ ಓದಿ ವ್ಯಾಕರಣದಲ್ಲಿ ಪಕ್ಕಾ ಆಗಿರುವ ಹುಡುಗರು, ಎದ್ದು ನಿಂತು ಎರಡು ವಾಕ್ಯ ಮಾತಾಡಿ ಅಂದರೆ ತಲೆ ತಗ್ಗಿಸುತ್ತಾರೆ. ಇಬ್ಬಿಬ್ಬರನ್ನು ಜೋಡಿ ಮಾಡಿ ಮಾತಿಗೆ ಬಿಡಿ, ಬಾಯಿ ಬಿಡುತ್ತಾರೆ.

ಮೊದಲ ಸಲ ಹೋಗುವವರು ತರಬೇತಿ ಇರುವ ಸ್ವಯಂಸೇವೆಯನ್ನೇ ಆರಿಸಲಿ. ಸಾಲ ತೀರಿಸಬೇಕಾದವರು ಸಂಬಳದ್ದೇ ನೋಡಿ. ಊರು ಆರಿಸುವಾಗ ಚಳಿಯನ್ನೂ ಯೋಚಿಸಿ: ಉತ್ತರದ ಗಾನ್ಸುವಿನ ಲಾಂಝೌದಲ್ಲಿ ಮನೆಗಳಿಗೆ ಸರ್ಕಾರದ ಹೀಟಿಂಗ್ ಇದೆ, ದಕ್ಷಿಣದ ಗುಯಿಝೌದ ಗುಯಿಯಾಂಗ್‌ನಲ್ಲಿ ಹೆಚ್ಚಿನ ಕಡೆ ಇಲ್ಲ.